‘ಮತ್ತು ಸಂಗಡಿಗರು’

ಕನ್ನಡದ ಆಮಂತ್ರಣ ಪತ್ರಿಕೆಗಳಲ್ಲಿ ಎರಡೇ ಪದಗಳ ಒಂದು ಒಕ್ಕಣೆಯಿದೆ: ‘ಮತ್ತು ಸಂಗಡಿಗರು’. ವಚನ ಗಾಯನವಿರಲಿ, ಭಜನೆಯಿರಲಿ, ನಾಡಗೀತೆಯೇ ಇರಲಿ, ಹಾಡುವವರ ಹೆಸರು ದಪ್ಪಕ್ಷರದಲ್ಲಿ ಬರುತ್ತದೆ. ಅದರ ಬೆನ್ನಿಗೆ ಈ ಎರಡು ಪದಗಳು ಬರುತ್ತವೆ. ತಬಲಾ ನುಡಿಸುವವರು, ಹಾರ್ಮೋನಿಯಂ ಹಿಡಿಯುವವರು, ತಾಳ ಹಾಕುವವರು, ಹಿಂದೆ ಕುಳಿತು ದನಿಗೂಡಿಸುವವರು, ಎಲ್ಲರೂ ಇದರೊಳಗೆ ಅಡಗಿಹೋಗುತ್ತಾರೆ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ನಮ್ಮ ಕನ್ನಡ ಕಾರ್ಯಕ್ರಮಗಳಿಗೆ ಹಲವು ವರ್ಷ ಆಮಂತ್ರಣ ಪತ್ರಿಕೆ ಬರೆದುಕೊಟ್ಟವನು ನಾನು. ಈ ಒಕ್ಕಣೆಯನ್ನು ಎಷ್ಟು ಸಲ ಬರೆದೆನೆಂಬುದಕ್ಕೆ ಲೆಕ್ಕವಿಲ್ಲ. ಅದು ಅನ್ಯಾಯವೆಂದು ಆಗ ತೋಚಿರಲಿಲ್ಲ. ಕಾಗದದಲ್ಲಿ ಜಾಗ ಉಳಿಯುತ್ತದೆ ಎಂದಷ್ಟೇ ತೋಚಿತ್ತು.

ಹಿಂದೆ ಕುಳಿತು ನುಡಿಸುವವನಿಗೆ ಸಲ್ಲಬೇಕಾದ ಮನ್ನಣೆ ಎಷ್ಟು, ಅದು ಎಂತಹುದಾಗಿರಬೇಕು ಎಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ಎತ್ತಿಕೊಂಡಿದ್ದೇನೆ. ಪ್ರಶ್ನೆ ಸಣ್ಣದಾಗಿ ಕಾಣಬಹುದು. ಆದರೆ ಇದರ ಬುಡದಲ್ಲಿರುವುದು ಋಣದ ವಿಚಾರ. ಋಣದ ವಿಚಾರ ಯಾವ ಕಾಲಕ್ಕೂ ಸಣ್ಣದಲ್ಲ.

ಪುಣೆಯಲ್ಲಿ ಓದುತ್ತಿರುವ ನನ್ನ ಮೊಮ್ಮಗ ಕಳೆದ ದೀಪಾವಳಿಗೆ ಊರಿಗೆ ಬಂದಿದ್ದಾಗ ಇದೇ ಪ್ರಶ್ನೆಯನ್ನು ದೂರದ ದೇಶವೊಂದರಿಂದ ಎತ್ತಿ ತಂದು ನನ್ನ ಮುಂದಿಟ್ಟ. ಇಂಗ್ಲೆಂಡಿನ ಬೀಟಲ್ಸ್ ಎಂಬ ನಾಲ್ವರ ವಾದ್ಯವೃಂದದ ಹೆಸರನ್ನು ನಮ್ಮ ತಲೆಮಾರಿನವರೂ ಕೇಳಿದ್ದೇವೆ. 1968ರಲ್ಲಿ ಅವರು ಹೃಷಿಕೇಶಕ್ಕೆ ಬಂದು ಮಹರ್ಷಿ ಮಹೇಶ ಯೋಗಿಗಳ ಆಶ್ರಮದಲ್ಲಿ ತಂಗಿದ್ದರು. ಹಾಡುಗಳಲ್ಲಿ ಬಹುಪಾಲು ಕಟ್ಟಿದವರು ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ. ಅವರೊಡನೆ ಗಿಟಾರ್ ಹಿಡಿದವರು ಜಾರ್ಜ್ ಹ್ಯಾರಿಸನ್. ಮೂವರ ಹಿಂದೆ ಕುಳಿತು ಡ್ರಮ್ ನುಡಿಸಿದವರು ರಿಂಗೊ ಸ್ಟಾರ್. ರಿಂಗೊ ಈ ಕೂಟವನ್ನು ಸೇರಿದ್ದು 1962ರ ಆಗಸ್ಟ್‌ನಲ್ಲಿ, ಎಲ್ಲರಿಗಿಂತ ಕೊನೆಗೆ. ಮರುತಿಂಗಳೇ ಮೊದಲ ಹಾಡಿನ ಧ್ವನಿಮುದ್ರಣಕ್ಕೆ ನಿರ್ಮಾಪಕ ಜಾರ್ಜ್ ಮಾರ್ಟಿನ್ ಕೂಲಿಯ ಡ್ರಮ್ ವಾದಕ ಆಂಡಿ ವೈಟ್ ಅವರನ್ನು ಕರೆಸಿ ಕೂರಿಸಿದರು. ರಿಂಗೊ ಕೈಗೆ ಬಂದದ್ದು ಗೆಜ್ಜೆಯ ದಮ್ಮಡಿಯಂತಹ ಒಂದು ವಾದ್ಯ. ಮುಂದೆ ಜಗತ್ತೇ ಆ ನಾಲ್ವರನ್ನು ಹೊತ್ತು ಕುಣಿಯಿತು. ಆದರೂ ರಿಂಗೊ ವಿಷಯದಲ್ಲಿ ಒಂದು ಕುಹಕ ಉಳಿದುಬಿಟ್ಟಿತು: ಜಗತ್ತಿನ ಮಾತು ಹಾಗಿರಲಿ, ಆ ನಾಲ್ವರಲ್ಲಿಯೇ ಡ್ರಮ್ ಚೆನ್ನಾಗಿ ನುಡಿಸುವವನು ಆತನಲ್ಲ ಎಂದು. ಇದನ್ನು ಲೆನನ್ ಆಡಿದ ಮಾತೆಂದೇ ಬಹಳ ಮಂದಿ ನಂಬಿದ್ದಾರೆ. ನಿಜವೆಂದರೆ ಇದು ಲೆನನ್ 1980ರಲ್ಲಿ ತೀರಿಕೊಂಡ ಮೇಲೆ ಬ್ರಿಟನ್ನಿನ ಹಾಸ್ಯ ಕಾರ್ಯಕ್ರಮವೊಂದರಲ್ಲಿ ಹುಟ್ಟಿಕೊಂಡ ಮಾತು. ಅಮೆರಿಕದ ರಾಕ್ ಸಂಗೀತದ ಗೌರವಪೀಠಕ್ಕೆ ಆ ಕೂಟ ಒಟ್ಟಾಗಿ ಸೇರಿದ್ದು 1988ರಲ್ಲಿ. ಅನಂತರ ಉಳಿದ ಮೂವರಿಗೂ ಒಬ್ಬೊಬ್ಬರಾಗಿ ಪ್ರತ್ಯೇಕ ಗೌರವ ಸಂದು, ರಿಂಗೊ ಸರದಿ ಬಂದದ್ದು 2015ರಲ್ಲಿ, ಅವರ ಎಪ್ಪತ್ತೈದರ ಹೊಸ್ತಿಲಲ್ಲಿ.

ಮೊಮ್ಮಗನ ವಾದ, ಆತನಿಗೆ ಅನ್ಯಾಯವಾಗಿದೆ ಎಂಬುದು. ನಾನು ಪ್ರತಿವಾದ ಹೂಡಿದೆ. 1964ರ ಜೂನ್‌ನಲ್ಲಿ ರಿಂಗೊಗೆ ಗಂಟಲು ಬೇನೆಯಾದಾಗ ಜಿಮ್ಮಿ ನಿಕಲ್ ಎಂಬ ಮತ್ತೊಬ್ಬ ವಾದಕನನ್ನು ಕೂರಿಸಿಕೊಂಡು ಆ ಕೂಟ ಹತ್ತು ದಿನ ದೇಶ ದೇಶ ಸುತ್ತಿತು; ಜನರ ಕೇಕೆಯೇನೂ ತಗ್ಗಲಿಲ್ಲ. ಮತ್ತೊಬ್ಬನಿಂದ ನಡೆದುಹೋಗುವ ಕೆಲಸಕ್ಕೆ ಮನ್ನಣೆ ಎಷ್ಟು ಸಲ್ಲಬೇಕು? ಲೆನನ್ನನ ಜಾಗದಲ್ಲಿ ಮತ್ತೊಬ್ಬನನ್ನು ನಿಲ್ಲಿಸಲು ಯಾರಿಂದಲಾದರೂ ಆಗುತ್ತಿತ್ತೇ?

ಹುಡುಗನನ್ನು ಸುಮ್ಮನಾಗಿಸಿದೆನಾದರೂ ನನ್ನ ವಾದ ನನಗೇ ಸಮಾಧಾನ ಕೊಡಲಿಲ್ಲ. ಒಂದು ಸಂಜೆಯ ಮಟ್ಟಿಗೆ ಯಾರ ಜಾಗವನ್ನು ಯಾರಾದರೂ ತುಂಬಬಲ್ಲರು. ಗುರುಗಳಿಗೆ ಜ್ವರ ಬಂದರೆ ಶಿಷ್ಯ ಕುಳಿತು ಹಾಡುತ್ತಾನೆ, ಸಭೆ ನಡೆದೇ ನಡೆಯುತ್ತದೆ. ತುಂಬಲಾಗದ್ದು ಒಂದು ಸಂಜೆಯನ್ನಲ್ಲ, ಹಲವು ವರ್ಷಗಳ ಒಡನಾಟವನ್ನು. ಹಾಡುವವನು ಎಲ್ಲಿ ಉಸಿರು ಹಿಡಿಯುತ್ತಾನೆ, ಯಾವ ಮಾತ್ರೆಯಲ್ಲಿ ಅನುಮಾನಿಸುತ್ತಾನೆ, ಯಾವ ದಿನ ಅವನ ದನಿ ಭಾರವಾಗಿದೆ ಎಂಬುದನ್ನು ಕೈ ಬೆರಳುಗಳಲ್ಲಿ ತುಂಬಿಕೊಂಡವನ ಜಾಗಕ್ಕೆ ಹೊಸಬ ಬಂದರೆ ತಾಳ ಸಿಗುತ್ತದೆ, ಆ ತಿಳಿವಳಿಕೆ ಸಿಗುವುದಿಲ್ಲ. 1968ರಲ್ಲಿ ರಿಂಗೊ ಬೇಸರಗೊಂಡು ಕೂಟವನ್ನು ಬಿಟ್ಟು ಎರಡು ವಾರ ದೂರ ಉಳಿದರು. ಹಿಂದಿರುಗಿದಾಗ ಅವರ ಡ್ರಮ್‌ಗಳಿಗೆ ಹೂವಿನ ಅಲಂಕಾರವಾಗಿತ್ತಂತೆ. ಹೊರಗಿನ ಕುಹಕಿಗಳಿಗೆ ತಿಳಿಯದಿದ್ದದ್ದು ಒಳಗಿನ ಮೂವರಿಗೆ ತಿಳಿದಿತ್ತು.

ನಮ್ಮ ಸಂಗೀತಕ್ಕೆ ಬರೋಣ. ಕಿರಾನಾ ಘರಾಣೆಯ ವಿಲಂಬಿತ ಖಯಾಲನ್ನು ಕೇಳಿದವರಿಗೆ ಏಕತಾಲದ ಹನ್ನೆರಡು ಮಾತ್ರೆಗಳ ಪರಿಚಯವಿರುತ್ತದೆ. ಅತಿ ನಿಧಾನಗತಿಯಲ್ಲಿ ಆ ಹನ್ನೆರಡು ಮಾತ್ರೆಗಳ ಒಂದು ಆವರ್ತನೆ ಮುಗಿಯಲು ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಗಾಯಕನು ಆಕಾಶದಲ್ಲಿ ಹದ್ದಿನಂತೆ ಸುಳಿದಾಡುತ್ತಾನೆ. ತಬಲಾದವನು ನೆಲವಾಗಿ ಇರಬೇಕು. ಮಾತ್ರೆಗೂ ಮಾತ್ರೆಗೂ ನಡುವೆ ದೊಡ್ಡ ಬಯಲು. ಆ ಬಯಲನ್ನು ತುಂಬಿಬಿಡಬೇಕೆಂದು ಬೆರಳುಗಳು ತುರಿಸುತ್ತವೆ. ಎರಡು ಬೋಲು ಹೆಚ್ಚು ಹಾಕಿದರೆ ಮುಂದಿನ ಸಾಲಿನಲ್ಲಿ ಕುಳಿತವರು ತಲೆದೂಗುತ್ತಾರೆ ಎಂಬುದೂ ಅವನಿಗೆ ಗೊತ್ತು. ಹಾಕದೆ ಇರುವುದೇ ಅವನ ವಿದ್ಯೆ. ಐವತ್ತು ನಿಮಿಷಗಳ ಒಂದು ರಾಗದಲ್ಲಿ ಅವನು ಅದೇ ಠೇಕಾವನ್ನು ಐವತ್ತು ಅರವತ್ತು ಸಲ ನುಡಿಸುತ್ತಾನೆ, ಪ್ರತಿ ಸಲವೂ ಸಮಕ್ಕೆ ಗಾಯಕನನ್ನು ಕರೆತಂದು ಮುಟ್ಟಿಸುತ್ತಾನೆ. ಗಾಯಕನು ಸಮಕ್ಕೆ ಬಂದಾಗ ನಾವು ‘ವಾಹ್’ ಎನ್ನುತ್ತೇವೆ. ಸಮವನ್ನು ಅಲ್ಲಿಯೇ, ಕದಲದಂತೆ, ಕಾದಿಟ್ಟವನನ್ನು ನೋಡುವುದಿಲ್ಲ.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿ ದೇವಾಸದಲ್ಲಿ ನೆಲೆಸಿದ ಕುಮಾರ ಗಂಧರ್ವರ ಹಾಡಿಕೆಯ ಹಿಂದೆ ವಸಂತರಾವ್ ಆಚರೇಕರರ ತಬಲಾ ದಶಕಗಳ ಕಾಲ ಇತ್ತು. ಹಳೆಯ ಧ್ವನಿಮುದ್ರಿಕೆಗಳನ್ನು ಒಮ್ಮೆ ಗಾಯನವನ್ನು ಮರೆತು ತಬಲಾವನ್ನಷ್ಟೇ ಅನುಸರಿಸಿ ಕೇಳಿ ನೋಡಬೇಕು. ತುಂಬುನಾದದ, ಆಡಂಬರವಿಲ್ಲದ ಠೇಕಾ. ಕುಮಾರರು ಸ್ವರವನ್ನು ತಟ್ಟನೆ ಕಡಿದು ಮೌನವಾಗುವಲ್ಲೆಲ್ಲ ಆ ಮೌನ ಬಿದ್ದುಹೋಗದಂತೆ ಹಿಡಿದಿರುವುದು ಅದೇ. ಗಂಗೂಬಾಯಿ ಹಾನಗಲ್ಲರಿಗೆ ಅವರ ಮನೆಯವರೇ ಆದ ಶೇಷಗಿರಿ ಹಾನಗಲ್ಲರು ತಬಲಾ ನುಡಿಸಿದರು. ಮಗಳು ಕೃಷ್ಣಾ ಹಾನಗಲ್ಲರು ತಾಯಿಯ ಹಿಂದೆ ಕುಳಿತು ದನಿಗೂಡಿಸಿದರು, ಒಂದೆರಡು ವರ್ಷವಲ್ಲ, ಬಾಳಿನ ಬಹುಭಾಗ. ತಾಯಿಯ ಗಂಡುದನಿಗೆ ಮಗಳ ದನಿ ಸೇರಿದಾಗಲೇ ಆ ಗಾಯನ ಪೂರ್ಣವಾಗುತ್ತಿತ್ತು ಎಂದು ಕೇಳಿದವರು ಬಲ್ಲರು. ಗಂಗೂಬಾಯಿಯವರಿಗೆ 2002ರಲ್ಲಿ ಪದ್ಮವಿಭೂಷಣ ಬಂದಿತು. ಕೃಷ್ಣಾ ಅವರು 2004ರಲ್ಲಿ, ತಾಯಿಗಿಂತ ಐದು ವರ್ಷ ಮೊದಲೇ, ತೀರಿಕೊಂಡರು. ಸ್ವತಂತ್ರವಾಗಿ ಕುಳಿತು ಹಾಡುವ ವಿದ್ಯೆ ಅವರಿಗಿತ್ತು. ಇಂದು ನಮ್ಮಲ್ಲಿ ಎಷ್ಟು ಮಂದಿಗೆ ಅವರ ಹೆಸರು ನೆನಪಿದೆ?

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಿಜವಾದ ಪ್ರತಿಭೆ ಹಿಂದೆ ಕುಳಿತವನದೇ, ಮುಂದೆ ಕುಳಿತವನು ಬರಿಯ ಹೆಸರು ಮಾಡಿಕೊಂಡವನು ಎಂದು ಹೇಳುವುದು ಈಚೆಗೆ ಒಂದು ಚಾಳಿಯಾಗಿದೆ. ಅದನ್ನು ನಾನು ಒಪ್ಪಲಾರೆ. ಭೀಮಸೇನ ಜೋಶಿಯವರ ದನಿ ಭೀಮಸೇನರದೇ. ಲೆನನ್ ಮೆಕಾರ್ಟ್ನಿಯರ ಹಾಡು ಅವರದೇ. ಒಬ್ಬನಿಗೆ ಸಲ್ಲದ್ದನ್ನು ಕೊಡುವುದು ಮತ್ತೊಬ್ಬನಿಗೆ ಸಲ್ಲುವುದನ್ನು ಕಸಿದಂತೆಯೇ. ಪಾಲು ಸಮವಲ್ಲ, ನಿಜ. ಆದರೆ ಪಾಲು ಕಡಿಮೆ ಎಂದರೆ ಪಾಲೇ ಇಲ್ಲವೆಂದಲ್ಲ. ಅಣ್ಣತಮ್ಮಂದಿರ ಹೊಲದ ವಿಭಾಗದಲ್ಲಿ ಎರಡು ಎಕರೆಯವನ ಹೆಸರನ್ನು ಪಹಣಿಯಿಂದಲೇ ತೆಗೆದುಹಾಕಿ, ನಿನ್ನದು ಹೇಗೂ ಸಣ್ಣ ಪಾಲು ಎಂದರೆ ಯಾವ ಪಂಚರು ಒಪ್ಪುತ್ತಾರೆ?

ಮತ್ತೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದುದು. ಸಾಥಿದಾರರಿಗೆ ಮನ್ನಣೆ ಕೊಡುತ್ತೇವೆ ಎಂದು ಇಂದಿನ ಸಭೆಗಳಲ್ಲಿ ಏನು ನಡೆಯುತ್ತದೆ? ದ್ರುತಕ್ಕೆ ಬಂದ ಮೇಲೆ ಗಾಯಕನು ಹಾಡನ್ನು ನಿಲ್ಲಿಸಿ, ಕೈ ತೋರಿಸಿ, ತಬಲಾದವನಿಗೆ ಎರಡು ನಿಮಿಷ ಬಿಟ್ಟುಕೊಡುತ್ತಾನೆ. ತಬಲಾದವನು ಗುಡುಗಿಸುತ್ತಾನೆ, ಸಭೆ ಚಪ್ಪಾಳೆಯಿಂದ ತುಂಬುತ್ತದೆ. ನಾನೂ ತಟ್ಟಿದ್ದೇನೆ. ಅಹ್ಮದ್‌ಜಾನ್ ತಿರಕವಾರಂಥವರು ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ನುಡಿಸುತ್ತಿದ್ದಾಗ ತಬಲಾವನ್ನೇ ಕೇಳಲು ಜನ ಬರುತ್ತಿದ್ದರಂತೆ. ಆ ಮಟ್ಟದವರ ಮಾತು ಬೇರೆ. ಸಾಮಾನ್ಯ ಸಭೆಯಲ್ಲಿ ಮಾತ್ರ ಈ ಚಪ್ಪಾಳೆಯ ಅರ್ಥವೇನೆಂದು ಯೋಚಿಸಿದರೆ ವಿಚಿತ್ರವೆನಿಸುತ್ತದೆ. ಅವನು ಸಾಥ್ ಕೊಡುವುದನ್ನು ನಿಲ್ಲಿಸಿದ ಎರಡು ನಿಮಿಷಕ್ಕೆ ನಾವು ಬಹುಮಾನ ಕೊಟ್ಟೆವು. ಸಾಥ್ ಕೊಟ್ಟ ಐವತ್ತು ನಿಮಿಷಕ್ಕೆ ಕೊಡಲಿಲ್ಲ. ರಿಂಗೊ ಸ್ಟಾರ್‌ಗೆ ಒಂಟಿಯಾಗಿ ಡ್ರಮ್ ಬಾರಿಸಿ ತೋರಿಸುವುದೆಂದರೆ ಆಗದಂತೆ. 1969ರಲ್ಲಿ ಹೊರಬಂದ ಒಂದು ಮುದ್ರಿಕೆಯ ಕೊನೆಯಲ್ಲಿ ಒಮ್ಮೆ ಮಾತ್ರ, ಉಳಿದವರ ಒತ್ತಾಯಕ್ಕೆ, ಹದಿನೈದು ಸೆಕೆಂಡಿನಷ್ಟು ನುಡಿಸಿದರು. ಈ ಸಂಗತಿ ತಿಳಿದ ಮೇಲೆ ಆ ಮನುಷ್ಯನ ಬಗ್ಗೆ ನನ್ನ ಗೌರವ ಹೆಚ್ಚಿತೆಂದು ಮೊಮ್ಮಗನಿಗೆ ಹೇಳಿದೆ. ಗೆದ್ದೆನೆಂದು ಅವನು ನಕ್ಕ.

ಇನ್ನು ಎದುರಿಸಬೇಕಾದದ್ದು ನಿಜಕ್ಕೂ ತೂಕವುಳ್ಳ ಆಕ್ಷೇಪ. ಶರಣರ ನೆಲದವರಾದ ನಮ್ಮಲ್ಲಿ ಅದು ಬೇಗ ನಾಲಿಗೆಗೆ ಬರುತ್ತದೆ. ಕಾಯಕಕ್ಕೆ ಫಲದ ಆಸೆ ಏಕೆ? ತನ್ನನ್ನು ತೋರಿಸಿಕೊಳ್ಳದಿರುವುದೇ ಸಾಥಿದಾರನ ಧರ್ಮವಾದರೆ ಅವನನ್ನು ಎಳೆದು ತಂದು ಬೆಳಕಿಗೆ ನಿಲ್ಲಿಸುವುದು ಅವನ ಧರ್ಮಕ್ಕೇ ಭಂಗವಲ್ಲವೇ? ಅವರೂ ಕೇಳುವುದಿಲ್ಲ, ನಾವೂ ಕೊಡುವುದಿಲ್ಲ; ಇದರಲ್ಲಿ ನೊಂದವರು ಯಾರು?

ಈ ವಾದವನ್ನು ನಾನೇ ಬಹುಕಾಲ ನಂಬಿದ್ದೆ. ಅದು ಮುರಿದದ್ದು ಹೀಗೆ. ನಿಲಂಗಾ ಭಾಗದ ಹಳ್ಳಿಯೊಂದರಿಂದ ನಮ್ಮ ಬಸವ ಜಯಂತಿಯ ವಚನ ಗಾಯನಕ್ಕೆ ತಬಲಾ ನುಡಿಸಲು ಬರುತ್ತಿದ್ದ ಒಬ್ಬರಿದ್ದರು. ಹೊಲದ ಕೆಲಸ ಮುಗಿಸಿ, ತಬಲಾ ಡಗ್ಗಾಗಳನ್ನು ಚೀಲದಲ್ಲಿ ಹಾಕಿಕೊಂಡು, ಎರಡು ಬಸ್ಸು ಬದಲಿಸಿ ಬರುವರು. ಹಾಡುವವರು ಬದಲಾಗುತ್ತಿದ್ದರು, ಇವರು ಬದಲಾಗಲಿಲ್ಲ. ಕಲಬುರಗಿಯಿಂದ ಬಂದವರಿಗೂ ಸೊಲ್ಲಾಪುರದಿಂದ ಬಂದವರಿಗೂ ಇವರೇ ಸಾಥಿ. ಹಾಡುವವರಿಗೆ ಶಾಲು ಹೊದಿಸಿ ಹಾರ ಹಾಕುತ್ತಿದ್ದೆವು, ಇವರ ಕೈಗೆ ಒಂದು ತೆಂಗಿನಕಾಯಿ ಮತ್ತು ಬಸ್ಸಿನ ಖರ್ಚು ಕೊಡುತ್ತಿದ್ದೆವು. ಹಲವು ವರ್ಷಗಳಾದ ಮೇಲೆ ಒಂದು ದಿನ ಬಸ್ ನಿಲ್ದಾಣದಲ್ಲಿ ಇಬ್ಬರೂ ಕಾಯುತ್ತ ಕುಳಿತಿದ್ದಾಗ, ಯಾವುದೋ ಮಾತಿನ ನಡುವೆ, ದೂರುವ ಧಾಟಿಯಿಲ್ಲದೆ ಅವರೆಂದರು: “ಗುರೂಜಿ, ನನ್ನ ಹೆಸರ ಹಾಕ್ರಿ ಅಂತ ನಾ ಎಂದೂ ಕೇಳಿಲ್ರಿ. ನನಗ ಅದರ ಹಂಬಲನೂ ಇಲ್ಲ. ಖರೆ, ಆ ವರ್ಷ ನಿಮ್ಮ ಕಾರ್ಡ್ ಬಂದಾಗ ನನ್ನ ಮಗ ಓದಿ ನೋಡಿ, ‘ಅಪ್ಪಾ, ಈ ಸಲ ನೀ ಹೋಗಂಗಿಲ್ಲೇನು?’ ಅಂತ ಕೇಳ್ದ.”

ಹುಡುಗ ಓದುತ್ತಿದ್ದದ್ದು ಮರಾಠಿ ಶಾಲೆಯಲ್ಲಿ. ಬೇಸಿಗೆಯಲ್ಲಿ ಸಂಘದಿಂದ ನಡೆಸುತ್ತಿದ್ದ ಕನ್ನಡ ಅಕ್ಷರಾಭ್ಯಾಸಕ್ಕೆ ಬಂದು ಕನ್ನಡ ಓದಲು ಕಲಿತಿದ್ದ. ಕಲಿತು ಓದಿದ ಮೊದಲ ಕನ್ನಡ ಕಾಗದಗಳಲ್ಲಿ ನಮ್ಮ ಆಮಂತ್ರಣ ಪತ್ರಿಕೆಯೂ ಒಂದು. ತಂದೆಯ ಹೆಸರನ್ನು ಹುಡುಕಿದ. ಸಿಕ್ಕಲಿಲ್ಲ. ತಂದೆ ಹೋಗುವುದಿಲ್ಲ ಎಂದುಕೊಂಡ. ಓದು ಬಲ್ಲ ಯಾರಾದರೂ ಹಾಗೆಯೇ ಅರ್ಥ ಮಾಡಿಕೊಳ್ಳುತ್ತಿದ್ದರು.

ಆ ದಿನ ನನಗೆ ಒಂದು ಭೇದ ತಿಳಿಯಿತು. ಹೆಸರು ಬೇಡವೆನ್ನುವುದು ನುಡಿಸುವವನ ಗುಣ. ಆ ಗುಣವನ್ನು ಕೊಡದಿರುವ ನೆಪವಾಗಿ ಮಾಡಿಕೊಳ್ಳುವುದು ಕೇಳುವವರ ದೋಷ. ನಿಸ್ಪೃಹತೆ ಒಬ್ಬನು ತಾನಾಗಿ ಹಿಡಿಯುವ ವ್ರತ. ಉಪವಾಸ ಮಾಡುವವನ ಪುಣ್ಯ ಅವನದು, ಸರಿ. ಅಷ್ಟು ಮಾತ್ರಕ್ಕೆ ಅವನ ಎಲೆಗೆ ಬಡಿಸದೆ, ‘ಇವನಿಗೆ ಉಪವಾಸವೇ ಇಷ್ಟ’ ಎಂದು ನಾವು ನಿರ್ಧರಿಸಲು ಬರುವುದಿಲ್ಲ. ಸಾಲ ಕೊಟ್ಟವನು ಕೇಳಲಿಲ್ಲವೆಂದು ಸಾಲ ತೀರುವುದಿಲ್ಲ. ಕಾಯಕವೆಂಬ ದೊಡ್ಡ ಮಾತನ್ನು ಕೂಲಿಯನ್ನೂ ಹೆಸರನ್ನೂ ತಡೆಹಿಡಿಯಲು ಬಳಸಿದರೆ ಆ ಮಾತಿಗೇ ಅಪಚಾರ.

ಶರಣರಾದರೂ ಹಾಗೆ ಬಳಸಿದರೇ? ನಮ್ಮ ಉಮರ್ಗಾದ ಪಕ್ಕದಲ್ಲೇ ಇರುವ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಕೂಡಿದವರ ಹೆಸರುಗಳನ್ನೇ ನೋಡಿ. ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ. ಕೆಲಸವೂ ಹೆಸರೂ ಒಂದನ್ನೊಂದು ಅಪ್ಪಿಕೊಂಡಿವೆ. ಕಿನ್ನರಿ ನುಡಿಸಿದವರು ಕಿನ್ನರಿ ಬೊಮ್ಮಯ್ಯ. ಢಕ್ಕೆ ಬಾರಿಸಿದವರು ಢಕ್ಕೆಯ ಬೊಮ್ಮಣ್ಣ. ಮಾರಿಯನ್ನು ಹೊತ್ತು, ಚರ್ಮವಾದ್ಯ ಬಾರಿಸುತ್ತ ಮನೆಮನೆಗೆ ಹೋಗುವ ಕಾಯಕ ಅವರದೆಂದು ಹೇಳುತ್ತಾರೆ. ಎಂಟುನೂರು ವರ್ಷಗಳ ಮೇಲಾದರೂ ಅವರ ವಚನಗಳ ಜೊತೆಗೆ ಅವರ ವಾದ್ಯದ ಹೆಸರೂ ಉಳಿದಿದೆ. ಆ ಕಾಲದಲ್ಲಿ ಯಾರೂ ಅವರನ್ನು ‘ಬಸವಣ್ಣ ಮತ್ತು ಸಂಗಡಿಗರು’ ಎಂದು ಬರೆದು ಮುಗಿಸಲಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಉದಾಹರಣೆ ಅಲ್ಲಮಪ್ರಭುಗಳದು. ಹರಿಹರನ ರಗಳೆ ಒಂದು ಬಗೆಯ ಕಥೆ ಹೇಳುತ್ತದೆ. ಚಾಮರಸನ ಪ್ರಭುಲಿಂಗಲೀಲೆ ಇನ್ನೊಂದು ಬಗೆಯದನ್ನು. ಹರಿಹರನಲ್ಲಿ ಅಲ್ಲಮನು ಬಳ್ಳಿಗಾವೆಯವನು, ಕಮಲತೆಯನ್ನು ಪ್ರೀತಿಸಿ ವರಿಸಿ, ಅವಳನ್ನು ಕಳೆದುಕೊಂಡು ಅಲೆದವನು. ಚಾಮರಸನಲ್ಲಿ ಬನವಾಸಿಯ ಮಧುಕೇಶ್ವರನ ಸನ್ನಿಧಿಯಲ್ಲಿ ಮಾಯೆಯ ಬಲೆಗೆ ಸಿಕ್ಕದೆ ನಿಂತವನು. ಊರು ಬೇರೆ, ಹೆಣ್ಣು ಬೇರೆ, ತತ್ತ್ವವೂ ಬೇರೆ. ಒಂದು ಮಾತ್ರ ಎರಡರಲ್ಲೂ ಸಮಾನ: ಅಲ್ಲಮನು ಮದ್ದಳೆಯವನು. ಮುಂದೆ ನೃತ್ಯ ನಡೆಯುತ್ತಿದೆ, ಹಿಂದೆ ಅವನು ನುಡಿಸುತ್ತಿದ್ದಾನೆ. ನೋಡುವವರ ಕಣ್ಣೆಲ್ಲ ಕುಣಿಯುವವಳ ಮೇಲೆ. ಅಂತಹ ಮದ್ದಳೆಯವನನ್ನು ಕಲ್ಯಾಣದ ಅನುಭವ ಮಂಟಪದಲ್ಲಿ ಶೂನ್ಯಸಿಂಹಾಸನದ ಮೇಲೆ ಕೂರಿಸಿದ ಪರಂಪರೆ ನಮ್ಮದು. ಕವಿಗಳು ಆ ಪದವಿಗೆ ಏರುವವನಿಗೆ ವೀಣೆಯನ್ನೋ ಕೊಳಲನ್ನೋ ಕೊಡಬಹುದಿತ್ತು. ಕೊಟ್ಟದ್ದು ಮದ್ದಳೆಯನ್ನು. ಹಿಂದೆ ಕುಳಿತವನಿಗೆ ಎಲ್ಲರ ಬೆನ್ನೂ ಕಾಣುತ್ತದೆ. ಆ ನೋಟವೇ ಮುಂದೆ ಅನುಭವ ಮಂಟಪದಲ್ಲಿ ಎಲ್ಲರನ್ನೂ ಪ್ರಶ್ನಿಸುವ ನೋಟವಾಯಿತೇನೋ. ಇದು ನನ್ನ ಊಹೆ, ಪಂಡಿತರು ಕ್ಷಮಿಸಬೇಕು.

ಪರಂಪರೆ ಹೀಗಿದ್ದರೂ ಚರ್ಮವಾದ್ಯದವರನ್ನು ಸಮಾಜ ನಡೆಸಿಕೊಂಡ ರೀತಿ ಬೇರೆಯೇ. ತಬಲಾದವರ ವಿಷಯದಲ್ಲಿ ಮರೆವು ಕಾರಣವಾಗಿರಬಹುದು. ಹಲಗೆಯವರ ವಿಷಯದಲ್ಲಿ ಅದನ್ನು ಮರೆವು ಎಂದು ಕರೆಯಲಾಗದು. ನಮ್ಮ ಊರುಗಳಲ್ಲಿ ಮದುವೆಯ ಮೆರವಣಿಗೆಗೆ ಹಲಗೆ ಬೇಕು, ಜಾತ್ರೆಯ ಪಲ್ಲಕ್ಕಿಗೆ ಬೇಕು, ಹೆಣ ಎತ್ತುವಾಗ ಬೇಕು. ಒಣಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸುವ ವಾಸನೆ ಬಾಲ್ಯದಿಂದಲೂ ನಮಗೆ ಹಬ್ಬದ ವಾಸನೆ. ಆದರೆ ಮೆರವಣಿಗೆ ಗುಡಿಯ ಬಾಗಿಲಿಗೆ ಬಂದಾಗ ಹಲಗೆಯವರು ಹೊರಗೇ ನಿಲ್ಲುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಿಗೆ ಊಟ ಹಾಕುತ್ತಿದ್ದುದು ಪಂಗ್ತಿ ಎದ್ದ ಮೇಲೆ. ಅವರು ಬಾರಿಸದಿದ್ದರೆ ದೇವರು ಕದಲುವುದಿಲ್ಲ ಎನ್ನುತ್ತಿದ್ದೆವು. ದೇವರು ಕದಲಿದ ಮೇಲೆ ಅವರನ್ನು ತಿರುಗಿ ನೋಡಲಿಲ್ಲ. ವಾದ್ಯ ಮಾಡುವವರ ಕಥೆ ಇನ್ನೂ ಹಿಂದಿನದು. ದಕ್ಷಿಣದ ಗಾಯಕ ಟಿ. ಎಂ. ಕೃಷ್ಣ ಅವರು ಮೃದಂಗ ಮಾಡುವ ದಲಿತ ಕುಟುಂಬಗಳ ಬಗ್ಗೆ 2020ರಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆಯಬೇಕಾಯಿತು; ಅಲ್ಲಿಯವರೆಗೆ ಆ ಹೆಸರುಗಳು ನುಡಿಸುವವರ ಮನೆಯ ಜಗುಲಿಯಿಂದ ಈಚೆಗೆ ಬಂದಿರಲಿಲ್ಲ.

ಮನ್ನಣೆಯ ಪ್ರಶ್ನೆ ನಮ್ಮಂತಹ ಗಡಿನಾಡಿನವರಿಗೆ ಮತ್ತೊಂದು ಕಾರಣಕ್ಕೆ ಚುಚ್ಚಬೇಕು. ನಿಲಂಗಾ, ಉದಗೀರ ಮತ್ತು ಅಹಮದಪುರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. ಆ ನಿರ್ಧಾರದ ಸರಿ ತಪ್ಪು ಇಲ್ಲಿನ ವಿಷಯವಲ್ಲ. ಮರಾಠಿ ನಮಗೆ ಅನ್ನದ ಭಾಷೆ, ನೆರೆಯ ಭಾಷೆ, ಅನೇಕರಿಗೆ ಸೊಸೆ ಅಳಿಯಂದಿರ ಭಾಷೆ. ಆದರೂ ಮನೆಮಾತು ಯಾವುದೆಂದು ಕೇಳುವ ನಮೂನೆಗಳಲ್ಲಿ ಮೂರು ನಾಲ್ಕು ಭಾಷೆಗಳ ಹೆಸರಾದ ಮೇಲೆ ‘ಇತರ’ ಎಂಬ ಮನೆಯಲ್ಲಿ ಗುರುತು ಹಾಕುವಾಗ ಕೈ ಒಂದು ಕ್ಷಣ ತಡೆಯುತ್ತದೆ. ಆ ತಡೆಯನ್ನು ಬಲ್ಲ ನಾವು ನಮ್ಮದೇ ಪತ್ರಿಕೆಯಲ್ಲಿ ‘ಮತ್ತು ಸಂಗಡಿಗರು’ ಎಂದು ಬರೆದೆವು. ಕೈ ತಡೆಯಲಿಲ್ಲ.

ಈ ವಿಷಯದಲ್ಲಿ ನೆರೆಯವರಿಂದ ಕಲಿಯುವುದಿದೆ. ಮರಾಠವಾಡದ ಹಳ್ಳಿ ಹಳ್ಳಿಗಳಲ್ಲಿ ನಡೆಯುವ ಅಖಂಡ ಹರಿನಾಮ ಸಪ್ತಾಹದ ಭಿತ್ತಿಪತ್ರಗಳನ್ನು ಗಮನಿಸಿ. ಕೀರ್ತನಕಾರರ ಹೆಸರು ದೊಡ್ಡದಾಗಿಯೇ ಇರುತ್ತದೆ. ಅದರ ಕೆಳಗೆ ಮೃದಂಗಾಚಾರ್ಯ ಇಂಥವರು, ಗಾಯನಾಚಾರ್ಯ ಇಂಥವರು, ಹಾರ್ಮೋನಿಯಂ ಇಂಥವರು, ವೀಣೆ ಹಿಡಿದು ನಿಲ್ಲುವವರು ಇಂಥವರು, ಚೋಪದಾರರು ಇಂಥವರು ಎಂದು ಸಾಲು ಸಾಲಾಗಿ ಹೆಸರು. ಎಷ್ಟೋ ಕಡೆ ಮೃದಂಗದವರ ಭಾವಚಿತ್ರವೂ ಇರುತ್ತದೆ. ಅಡುಗೆಯವರ ಹೆಸರು ಹಾಕಿದ್ದನ್ನೂ ಕಂಡಿದ್ದೇನೆ. ನೋಡಲು ಸ್ವಲ್ಪ ಗಿಜಿಗಿಜಿ ಎನಿಸಬಹುದು. ಊರಿನವರು ಮಾತ್ರ ಅದರ ಮುಂದೆ ನಿಂತು ತಮ್ಮ ತಮ್ಮವರ ಹೆಸರನ್ನು ಬೆರಳಿಟ್ಟು ಓದುತ್ತಾರೆ. ಸಂಗೀತದ ಹಳೆಯ ಮುದ್ರಿಕೆಗಳಿಗಿಂತ ಇದು ಉತ್ತಮ. ಮೂರು ನಿಮಿಷದ ಆ ಕಪ್ಪು ತಟ್ಟೆಗಳ ಮೇಲೆ ಹಾಡಿದವರ ಹೆಸರು ಮಾತ್ರ ಇರುತ್ತಿತ್ತು, ತಬಲಾ ಸಾರಂಗಿಗಳವರು ಯಾರೆಂದು ತಿಳಿಯಲು ಇಂದಿಗೂ ಸಂಗ್ರಾಹಕರು ತಡಕಾಡುತ್ತಾರೆ.

ಹಾಗಾದರೆ ಸಲ್ಲಬೇಕಾದದ್ದೇನು? ನನ್ನ ಮಟ್ಟಿಗೆ ಉತ್ತರ ದೊಡ್ಡದಲ್ಲ. ಸನ್ಮಾನ ಸಮಾರಂಭ ಬೇಕಿಲ್ಲ, ಬಿರುದು ಬೇಕಿಲ್ಲ, ಹಾಡಿನ ನಡುವೆ ಎರಡು ನಿಮಿಷದ ಗುಡುಗೂ ಬೇಕಿಲ್ಲ. ಹೆಸರು, ಅದೂ ತಪ್ಪಿಲ್ಲದ ಕಾಗುಣಿತದಲ್ಲಿ. ಬಸ್ಸಿನ ಖರ್ಚಲ್ಲದೆ ಕೆಲಸಕ್ಕೆ ತಕ್ಕ ಸಂಭಾವನೆ. ಪಂಗ್ತಿಯಲ್ಲಿ ಒಂದೇ ಸಾಲು. ಮತ್ತು ಕೇಳುವಾಗ ಅವರನ್ನೂ ಕೇಳುವುದು. ಇದು ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಒಳ್ಳೆಯ ಸಾಥ್ ತನ್ನತ್ತ ಕಿವಿ ಎಳೆಯುವುದಿಲ್ಲ. ನಾವೇ ಕಿವಿಯನ್ನು ಅತ್ತ ಒಯ್ಯಬೇಕು.

ಮೇಲೆ ಹೇಳಿದ ತಬಲಾದವರ ಹೆಸರನ್ನು ಈ ಲೇಖನದಲ್ಲೇ ಬರೆಯಬೇಕೆಂದಿದ್ದೆ. ಅವರನ್ನು ಕೇಳಿದೆ. ಕಥೆಯಲ್ಲಿ ಬೇಡ, ಹಾಕುವುದಿದ್ದರೆ ಕಾರ್ಯಕ್ರಮದ ಪಟ್ಟಿಯಲ್ಲಿ ಹಾಕಿ, ಹಾಕುವುದಾದರೆ ಎಲ್ಲರದನ್ನೂ ಹಾಕಿ ಎಂದರು. ಆ ಪಟ್ಟಿ ಈ ಸಂಚಿಕೆಯ ಆರಂಭದಲ್ಲಿದೆ, ಓದುಗರು ನೋಡಬಹುದು. ಅದಕ್ಕಾಗಿ ಒಂದು ಪುಟ ಹೆಚ್ಚಾಯಿತು. ಮುದ್ರಣಾಲಯದವರು ಅಕ್ಷರ ಸಣ್ಣದು ಮಾಡೋಣವೇ ಎಂದು ಕೇಳಿದರು, ಬೇಡವೆಂದೆವು.

ಮೆರವಣಿ‌ಗೆಗೆ ಬರುವ ಹಲಗೆಯವರ ಹೆಸರು ಬರೆದುಕೊಳ್ಳಲು ಕಳೆದ ತಿಂಗಳು ಅವರ ಓಣಿಗೆ ನಾನೇ ಹೋಗಿದ್ದೆ. ಕೈಯಲ್ಲಿ ವಹಿ, ಪೆನ್ನು. ಕಟ್ಟೆಯ ಮೇಲೆ ಕುಳಿತಿದ್ದ ನಾಲ್ವರೂ ಎದ್ದು ನಿಂತರು. ಹೆಸರು ಹೇಳಿ ಎಂದೆ. ಅವರಲ್ಲಿ ಹಿರಿಯರು ವಹಿಯನ್ನೂ ನನ್ನ ಮುಖವನ್ನೂ ನೋಡಿ, “ಹೆಸರ ಯಾಕ ಬೇಕ್ರಿ ಗುರೂಜಿ? ಏನರೆ ತಪ್ಪಾಗ್ಯಾದೇನು?” ಎಂದು ಕೇಳಿದರು. ತಪ್ಪಾಗಿದೆ, ನಮ್ಮಿಂದ, ಎಂದೆ. ಅವರಿಗೆ ಅರ್ಥವಾಗಲಿಲ್ಲ. ಕೂತು ಎಲ್ಲವನ್ನೂ ಹೇಳಬೇಕಾಯಿತು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು ಹೇಳಿದರು. ನಾಲ್ಕನೆಯವರು ನಾನು ಬರೆದದ್ದನ್ನು ತೆಗೆದುಕೊಂಡು ಒಳಗೆ ಹೋಗಿ, ಶಾಲೆಗೆ ಹೋಗುವ ಮಗಳಿಗೆ ತೋರಿಸಿ, ಸರಿಯಿದೆಯೆಂದು ಖಚಿತಪಡಿಸಿಕೊಂಡು ಹೊರಗೆ ಬಂದರು.